ಹೊಳೆವ್ವನ ಉಗುರು

ನಾಲ್ಕು ತಾಲೂಕು ನನ್ನ ಕೈಗೆ ಬರಬೇಕಾದರೆ ಒಂದೇ ಒಂದು ಪ್ಲಾಟು ಪಾಸಾಗಬೇಕಿತ್ತು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕರಲ್ಲೂ ನಮ್ಮ ಕಂಪನಿ ಬೆಂಡೆಕಾಯಿ ಬೀಜ ಬೆಳೆಸುತ್ತದೆ. ಎಲ್ಲಕ್ಕೂ ಒಬ್ಬನೇ ಇನ್‌ಚಾರ್ಜ್. ಆ ಕುರ್ಚಿಯಲ್ಲಿದ್ದ ಸಾಹೇಬರು ಬಡ್ತಿ ಪಡೆದು, ಈ ಹಂಗಾಮಿನ ಫಲಿತಾಂಶ ಬಂದ ಮೇಲೆ ಪುಣೆಗೆ ಹೋಗುವವರಿದ್ದರು. ಅವರು ನನ್ನ ಹೆಗಲ ಮೇಲೆ ಕೈ ಇಟ್ಟು, "ಕನಕಪ್ಪ, ಅಬಲೂರ ಹಾದಿ ಪ್ಲಾಟ್ ಪಾಸ್ ಮಾಡಿ ತೋರಸು. ನನ್ನ ಕುರ್ಚಿ ನಿನಗ" ಎಂದರು. ಹನ್ನೊಂದು ವರ್ಷ ಬೈಕಿನ ಮೇಲೆ ಧೂಳು ಕುಡಿದ ಸೂಪರ್‌ವೈಸರ್ ನಾನು. ಆ ದಿನ ನನಗೆ ಊಟ ಸೇರಲಿಲ್ಲ.

ಬೀಜದ ಪ್ಲಾಟು ಎಂದರೇನೆಂದು ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ, ಚುಟುಕಾಗಿ. ಉದ್ದ ಮಾತು ನನಗೆ ಆಗಿಬರುವುದಿಲ್ಲ. ಹೊಲದಲ್ಲಿ ಗಂಡು ಸಾಲು ಬೇರೆ, ಹೆಣ್ಣು ಸಾಲು ಬೇರೆ. ನಾಳೆ ಅರಳುವ ಮೊಗ್ಗನ್ನು ಹೆಣ್ಣು ಸಾಲಿನಲ್ಲಿ ಇವತ್ತು ಸಂಜೆಯೇ ಹುಡುಕಿ, ಹೆಬ್ಬೆರಳ ಉಗುರಿನಿಂದ ಅದರ ಪಕಳೆಯನ್ನೂ ಒಳಗಿನ ಪುಡಿಯನ್ನೂ ಕೆರೆದು ತೆಗೆದು, ತೊಟ್ಟಿಗೆ ದಾರ ಕಟ್ಟಬೇಕು. ಮರುದಿನ ಮುಂಜಾನೆ ಗಂಡು ಸಾಲಿನ ಹೂವು ತಂದು ಅದಕ್ಕೆ ಸವರಬೇಕು. ಇದಕ್ಕೆ ಕ್ರಾಸಿಂಗ್ ಎನ್ನುತ್ತೇವೆ. ಕೆರೆದ ಮೊಗ್ಗಿಗೆ ಪಕಳೆ ಇರುವುದಿಲ್ಲ. ಆದ್ದರಿಂದ ಮುಂಜಾನೆ ಹೆಣ್ಣು ಸಾಲಿನಲ್ಲಿ ಹಳದಿ ಹೂವು ಅರಳಿದ್ದು ಕಂಡರೆ ಅದು ಹಿಂದಿನ ಸಂಜೆ ಯಾರದೋ ಕೈತಪ್ಪಿದ್ದು ಎಂದೇ ಅರ್ಥ. ಅದನ್ನು ಅಲ್ಲೇ ಹರಿದೊಗೆಯಬೇಕು. ಬಿಟ್ಟರೆ ತನ್ನ ಪುಡಿಯಿಂದ ತಾನೇ ಕಾಯಿ ಕಟ್ಟುತ್ತದೆ, ಆ ಬೀಜ ಕಸ. ಕೊಯ್ಲಿನಲ್ಲಿ ದಾರವಿದ್ದ ಕಾಯಿ ಬೀಜಕ್ಕೆ, ದಾರವಿಲ್ಲದ್ದು ತಿಪ್ಪೆಗೆ. ಇಷ್ಟೇ.

ಈ ಕೆಲಸಕ್ಕಾಗಿ ಹೆಂಗಸರು ಬಲಗೈ ಹೆಬ್ಬೆರಳ ಉಗುರು ಬಿಡುತ್ತಾರೆ. ಹಂಗಾಮಿಗೆ ಒಂದೆರಡು ತಿಂಗಳಿದೆ ಎನ್ನುವಾಗಲೇ ಶುರು. ಪಾತ್ರೆ ತಿಕ್ಕುವಾಗ ಆ ಬೆರಳನ್ನು ಎತ್ತಿ ಹಿಡಿಯುತ್ತಾರೆ, ರೊಟ್ಟಿ ಬಡಿಯುವಾಗ ಮಡಚುತ್ತಾರೆ. ನಮ್ಮ ಕಡೆ ಅಂಥ ಉಗುರಿಗೆ ಹೆಸರಾದವಳು ನನ್ನ ಅಕ್ಕ ಹೊಳೆವ್ವ. ಅವ್ವ ಸತ್ತಾಗ ನನಗೆ ಎರಡು ವರ್ಷ, ಅವಳಿಗೆ ಹದಿನಾರು. ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತಿಯ ಪ್ಲಾಟಿನಲ್ಲಿ ಮೊಗ್ಗು ಕೆರೆದವಳು. ತಾನು ಹೋದರೆ ಹುಡುಗನನ್ನು ಯಾರು ನೋಡುತ್ತಾರೆ ಎಂದು ಲಗ್ನವನ್ನೇ ಬೇಡವೆಂದಳು. ಈಗ ಸುತ್ತಲಿನ ಹಳ್ಳಿಗಳಲ್ಲಿ ಕ್ರಾಸಿಂಗ್ ಮಾಡುವ ಹೆಂಗಸರಲ್ಲಿ ಅರ್ಧ ಮಂದಿ ಅವಳ ಕೈಯಲ್ಲಿ ಕಲಿತವರೇ.

ಆದರೆ ಎರಡು ವರ್ಷದಿಂದ ಅವಳ ಕಣ್ಣಿಗೆ ಪೊರೆ ಬಂದಿತ್ತು. ಮೊಗ್ಗು ಕಾಣುತ್ತಿರಲಿಲ್ಲ. ಹಳದಿ ಹೂವು ಮಾತ್ರ ಮಸುಕಾಗಿಯಾದರೂ ಕಾಣುತ್ತಿತ್ತು. ಹಾಗಾಗಿ ನನ್ನ ಪ್ಲಾಟಿನಲ್ಲಿ ಅವಳದು ಒಂದೇ ಕೆಲಸ, ಮುಂಜಾನೆ ಎಲ್ಲರಿಗಿಂತ ಮೊದಲು ಬಂದು ಹೆಣ್ಣು ಸಾಲುಗಳಲ್ಲಿ ಅಡ್ಡಾಡಿ, ಕೈತಪ್ಪಿ ಅರಳಿದ ಹೂವನ್ನೆಲ್ಲ ಹರಿದು ಉಡಿಗೆ ಹಾಕಿಕೊಳ್ಳುವುದು. "ಕಣ್ಣಿನ ಆಪರೇಶನ್ ಆತಂದ್ರ ಮತ್ತ ಮೊಗ್ಗಿಗೆ ಕೈ ಹಾಕತೇನಿ ನೋಡು" ಎನ್ನುತ್ತಿದ್ದಳು. ಆ ಆಸೆಗೆ ಉಗುರನ್ನೂ ಬಿಟ್ಟೇ ಇದ್ದಳು. ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟವನು ನಾನು.

ಇಂಥ ಹೊತ್ತಿನಲ್ಲಿ ಕಂಪನಿಯವರು ನಮ್ಮನ್ನೆಲ್ಲ ಹುಬ್ಬಳ್ಳಿಯ ಒಂದು ಹೋಟೆಲಿಗೆ ಕರೆದು ಎರಡು ದಿನ ಟ್ರೇನಿಂಗ್ ಕೊಟ್ಟರು. ಬೂಟು ಮಿರಿಮಿರಿ ಮಿಂಚುವ ಒಬ್ಬ ಮನುಷ್ಯ ಬಂದಿದ್ದ. ನೀವು ಮಾಡುವ ಇಪ್ಪತ್ತು ಕೆಲಸ ಬರೆಯಿರಿ ಎಂದ. ಬರೆದೆವು. ಇದರಲ್ಲಿ ನಾಲ್ಕೇ ನಾಲ್ಕು ನಿಮಗೆ ಫಲ ಕೊಡುವಂಥವು, ಉಳಿದ ಹದಿನಾರು ನಿಮ್ಮ ಆಯುಷ್ಯ ತಿನ್ನುವಂಥವು, ಅವನ್ನು ಕೊಂದುಹಾಕಿ ಎಂದ. ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ, ಊಟದ ಹೊತ್ತಿನಲ್ಲಿ ಹೊರಗೆ ಹೋಗಿ ರಟ್ಟಿನ ಹೊದಿಕೆಯ ಒಂದು ನೋಟ್‌ಬುಕ್ ತಂದೆ. ದಿನಕ್ಕೆ ನಾಲ್ಕು ಕೆಲಸ, ಅವುಗಳ ಕೆಳಗೆ ಒಂದು ಗೆರೆ. ಗೆರೆಯ ಕೆಳಗಿದ್ದದ್ದು ಸತ್ತಂತೆ.

ರಟ್ಟೀಹಳ್ಳಿಯ ಮನೆಗೆ ಬಂದವನೇ ಕಡಿಯಲು ಶುರುಮಾಡಿದೆ. ಚಹಾದ ಅಂಗಡಿಯ ಹರಟೆ ಹೋಯಿತು. ಬೀಗರ ಮದುವೆಗಳಲ್ಲಿ ಪ್ಲಾಟು ಕೊಡುವಷ್ಟು ಹೊಲ ಇದ್ದವರದು ಮಾತ್ರ ಉಳಿಯಿತು. ಹಳೆಯ ಗೆಳೆಯ ಮಕ್ತುಮಸಾಬನ ತಂದೆ ತೀರಿಕೊಂಡ ಸುದ್ದಿ ಬಂದಾಗಲೂ ನೋಟ್‌ಬುಕ್ ತೆಗೆದು ನೋಡಿದೆ. ಗೆರೆಯ ಮೇಲೆ ಜಾಗ ಇರಲಿಲ್ಲ, ಹೋಗಲಿಲ್ಲ. ನನ್ನ ಹೆಂಡತಿ ಶೈಲಾ ಮೊದಮೊದಲು ನಕ್ಕಳು. "ನಾ ನಿಮ್ಮ ನಾಲ್ಕರಾಗ ಬರತೇನೋ ಹದಿನಾರರಾಗ ಬರತೇನೋ, ಅದನ್ನರ ಹೇಳ್ರಿ" ಎಂದು ಮಗುವಿಗೆ ಉಣಿಸುತ್ತ ಚಾಷ್ಟಿ ಮಾಡಿದಳು. ನಾನು ವಿಚಾರ ಮಾಡಿ ಹೇಳುತ್ತೇನೆ ಎಂದೆ. ಆಮೇಲೆ ಅವಳು ಆ ಮಾತು ಎತ್ತಲಿಲ್ಲ. "ಅಕ್ಕನ ಕಣ್ಣು" ಎಂಬುದು ಹನ್ನೆರಡನೆಯ ಸಾಲಿನಲ್ಲಿತ್ತು, ಅದರ ಮೇಲೂ ಗೆರೆ ಎಳೆದೆ. ಹಂಗಾಮು ಮುಗಿದ ಮೇಲೆ ನೋಡಿದರಾಯಿತು, ಕಣ್ಣು ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡೆ.

ಪ್ಲಾಟಿನಲ್ಲೂ ಅದೇ ಲೆಕ್ಕಾಚಾರ ತಂದೆ. ಹೊಲದ ಮಾಲೀಕ ಹೊಳಬಸಪ್ಪನ ಪಂಪ್‌ಹೌಸಿನ ಗೋಡೆಗೆ ಕಪ್ಪು ಹಲಗೆ ಹೊಡೆಸಿದೆ. ಹದಿನೈದು ಮಂದಿ ಹೆಂಗಸರು. ಒಬ್ಬೊಬ್ಬರದು ಒಂದೊಂದು ಬಣ್ಣದ ದಾರ. ಸಾಲಿನಲ್ಲಿ ಯಾರ ದಾರ ಎಷ್ಟು ಎಂದು ದಿನಾ ಎಣಿಸುವುದು, ಹಲಗೆಯ ಮೇಲೆ ಬರೆಯುವುದು. ವಾರದ ಕೊನೆಗೆ ಮೇಲಿನ ನಾಲ್ವರಿಗೆ ನೆರಳಿನ ಕಡೆಯ ಸಾಲು, ಕೆಳಗಿನ ನಾಲ್ವರಿಗೆ ಮನೆಯ ದಾರಿ, ಅವರ ಜಾಗಕ್ಕೆ ಹೊಸಬರು. ಮೊದಲ ವಾರವೇ ಸವಣೂರು ಕಡೆಯಿಂದ ಬಂದ ಗೌಹರಳ ಕೆಂಪು ದಾರ ಎಲ್ಲರಿಗಿಂತ ಮೇಲೆ ನಿಂತಿತು. ಎಲ್ಲರ ಕೈಯೂ ಚುರುಕಾಯಿತು. ನನಗೆ ಖುಷಿಯೋ ಖುಷಿ.

ಹಲಗೆಯ ಕಟ್ಟಕಡೆಯ ಹೆಸರು ಹೊಳೆವ್ವ. ಅವಳ ಮುಂದೆ ಏಳೂ ದಿನ ಸೊನ್ನೆ.

ಶನಿವಾರ ಮುಂಜಾನೆ ಎಲ್ಲರನ್ನೂ ಹಲಗೆಯ ಮುಂದೆ ನಿಲ್ಲಿಸಿ ನಾಲ್ಕು ಹೆಸರು ಓದಿದೆ. ಕಡೆಯದು ಓದಿದಾಗ ಅಕ್ಕ ನಕ್ಕಳು, ಹುಡುಗಾಟ ಎಂದುಕೊಂಡಳೇನೋ.

"ಏ ಕನಕಾ, ನಾ ದಾರ ಕಟ್ಟಾಕಿ ಅಲ್ಲಪಾ. ಹೂವ ಹರಿಯಾಕಿ. ನನ್ನ ಮುಂದ ಸೊನ್ನಿ ಬರದ್ರ ಹೆಂಗ?"

"ಹರಿದ ಹೂವ ಯಾವ ಲೆಕ್ಕದಾಗ ಬರತೈತಿ, ನೀನ ಹೇಳು."

"ಹಲಗಿ ಮ್ಯಾಲೆ ಬರೂದಿಲ್ಲ, ಬೀಜದಾಗ ಬರತೈತಿ" ಎಂದಳು. ನಗು ಇನ್ನೂ ಮುಖದ ಮೇಲೆಯೇ ಇತ್ತು. ಉಡಿಯಲ್ಲಿ ಆ ದಿನ ಹರಿದ ಹೂವುಗಳಿದ್ದವು.

ಹದಿನಾಲ್ಕು ಮಂದಿ ನೋಡುತ್ತಿದ್ದರು. ಅಕ್ಕನಿಗೊಂದು ಕಾನೂನು, ಊರವರಿಗೊಂದು ಕಾನೂನು ಎಂದು ಅವರು ಆಡಿಕೊಳ್ಳುವುದು ನನಗೆ ಬೇಡವಾಗಿತ್ತು. ದನಿ ಏರಿಸಿದೆ. "ಇದು ಧರ್ಮಛತ್ರ ಅಲ್ಲ. ಮುಂಜಾನೆ ಬಂದು ತ್ವಾಟದಾಗ ಅಡ್ಡಾಡಿದಂಗ ಅಡ್ಡಾಡಿ ಹೋದ್ರ ಕೆಲಸ ಅನ್ನೂದಿಲ್ಲ ಅದಕ್ಕ. ಕಣ್ಣ ಕಾಣದಾಕಿನ್ನ ಅಕ್ಕ ಅಂತ ಇಟಗೊಂಡ್ರ ನಾಳೆ ಕಂಪನಿ ನನ್ನ ಹೊರಗ ಹಾಕತೈತಿ. ನಡಿ, ಮನಿಗೆ ನಡಿ."

"ಸರ, ಹೊಳೆವಕ್ಕ ಇದ್ರ ನಮಗೂ ಚಲೋರಿ..." ಎಂದು ಗೌಹರ ಬಾಯಿ ಬಿಟ್ಟಳು.

"ಅಷ್ಟು ಕರುಣಾ ಇದ್ರ ನೀನೂ ಆಕಿ ಜೋಡಿ ಹೋಗು" ಎಂದೆ. ಗೌಹರ ಎರಡು ಹೆಜ್ಜೆ ಹಿಂದೆ ಸರಿದಳು.

ಅಕ್ಕ ಉಡಿಯನ್ನು ಬದುವಿನ ಆಚೆ ಝಾಡಿಸಿದಳು. ಹೂವೆಲ್ಲ ಉದುರಿದವು. ಅಳಲಿಲ್ಲ. "ನಿನ್ನ ನಾಲಿಗಿಗೆ ಎಲುಬು ಯಾವಾಗ ಬಂತೋ ತಮ್ಮಾ" ಎಂದಳು ಅಷ್ಟೇ. ಬದುವಿನ ಮೇಲೆ ಕಾಲು ತಡವರಿಸುತ್ತ ಹೋದಳು. ನಾನು ಹೆಸರು ಅಳಿಸಿ, ಆ ಜಾಗದಲ್ಲಿ ವಾರದ ಒಟ್ಟು ದಾರದ ಸಂಖ್ಯೆ ಬರೆದೆ.

ಎಂಟು ದಿನ ಕಳೆದ ಮೇಲೆ ಹೊಳಬಸಪ್ಪ ಫೋನ್ ಮಾಡಿದ. "ನಿಮ್ಮಕ್ಕ ನಸುಕಿನ್ಯಾಗ ಬಂದು ಹೂವ ಹರಕೊಂತ ಹೊಂಟಾಳ್ರಿ. ಪಗಾರ ಬ್ಯಾಡ ಏನ ಬ್ಯಾಡ ಅಂತಾಳ. ಹೆಂಗಸೂರು ಬರೂದರಾಗ ಹೋಗಿಬಿಡತಾಳ. ಇರಲೇನ್ರಿ?" ಎಂದು ಕೇಳಿದ. ನನಗೆ ಪಿತ್ತ ನೆತ್ತಿಗೇರಿತು. ಎಲ್ಲರೆದುರು ತೆಗೆದುಹಾಕಿದವಳು ಹಿಂಬಾಗಿಲಿನಿಂದ ಬಂದರೆ ನನ್ನ ಮಾತಿಗೆ ಏನು ಬೆಲೆ? ಬೇಲಿಗೆ ಮುಳ್ಳು ಹಚ್ಚಿಸು, ಯಾರು ಬಂದರೂ ರಿಜಿಸ್ಟರಿನಲ್ಲಿ ಬರೆ ಎಂದೆ. ಹೊಳಬಸಪ್ಪ ಹೇಳಿದ್ದು ಮಾಡುವ ಮನುಷ್ಯ, ಅವಳು ಹಿಂದೆ ಬಂದು ಹೋದ ಎಂಟು ದಿನವನ್ನೂ ತಾರೀಖು ಹಾಕಿ ಬರೆದ. ಆ ರಿಜಿಸ್ಟರು ಮುಂದೆ ನನಗೆ ಕೆಲಸಕ್ಕೆ ಬಂತು.

ಅಕ್ಕ ನನಗೆ ಫೋನ್ ಹಚ್ಚಿದಳು, ಒಂದೇ ದಿನ ಆರು ಸಲ. ಗೆರೆಯ ಕೆಳಗಿನವರ ಫೋನು ಸೈಲೆಂಟಿನಲ್ಲಿರುತ್ತಿತ್ತು. ಆಮೇಲೆ ಒಂದು ಮುಂಜಾನೆ ಬಸ್ಸು ಹತ್ತಿ ರಟ್ಟೀಹಳ್ಳಿಗೇ ಬಂದಳು. ನಾನು ಬೈಕಿಗೆ ಕಿಕ್ ಹೊಡೆಯುತ್ತಿದ್ದೆ. "ಎರಡ ನಿಮಿಷ ಐತಿ, ಹೇಳು" ಎಂದು ವಾಚು ನೋಡಿದೆ. ಅವಳಿಗೆ ಎರಡು ನಿಮಿಷದಲ್ಲಿ ಹೇಳುವುದು ಗೊತ್ತಿಲ್ಲ. ಬಸ್ಸಿನಲ್ಲಿ ಸೀಟು ಸಿಗದ್ದು, ದಾರಿಯಲ್ಲಿ ಯಾರೋ ಸಿಕ್ಕದ್ದು, ಶೈಲಾ ಯಾಕೆ ಸೊರಗಿದ್ದಾಳೆ ಎನ್ನುವುದು, ಎಲ್ಲ ಆಗಿ "ಆ ಪ್ಲಾಟಿನ್ಯಾಗ ಹೆಂಗಸೂರು ಏನ ಮಾಡಾಕತ್ತಾರ ಗೊತ್ತೇನು..." ಎನ್ನುವಷ್ಟರಲ್ಲಿ ಎರಡು ನಿಮಿಷ ಮುಗಿಯಿತು.

"ಚಾಡಿ ಹೇಳಾಕ ಬಂದೀಯೇನು? ನಿನ್ನ ಬಿಡಿಸಿದೆ ಅಂತ ಅವರ ಮ್ಯಾಲೆ ಹೊಟ್ಟೆಕಿಚ್ಚೇನು?" ಎಂದು ಬೈಕು ಬಿಟ್ಟೆ. ಕನ್ನಡಿಯಲ್ಲಿ ನೋಡಿದೆ. ಅವಳು ಹೊಸ್ತಿಲ ಮುಂದೆ ನಿಂತು ನಾನಿಲ್ಲದ ಕಡೆಗೆ ಮುಖ ಮಾಡಿ ಇನ್ನೂ ಏನೋ ಹೇಳುತ್ತಿದ್ದಳು.

ಮೂರನೆಯ ಸಲ ಅವಳು ಮಾತಾಡಲಿಲ್ಲ. ಪ್ಲಾಟಿನ ಬೇಲಿಯ ಹೊರಗೆ ನಿಲ್ಲಿಸಿದ್ದ ನನ್ನ ಬೈಕಿನ ಸೀಟಿನ ಮೇಲೆ, ಬೇಲಿಯ ಮುಳ್ಳಿನೊಳಗೆ ಕೈ ತೂರಿಸಿ ಹರಿದ ಒಂದು ಬೊಗಸೆ ಹಳದಿ ಹೂವು ಇಟ್ಟು ಹೋಗಿದ್ದಳು. ಅಂಗೈ ಅಗಲದ ಪಕಳೆ, ಪೂರ್ತಿ ಅರಳಿದ್ದವು. ಒಂದೊಂದರ ತೊಟ್ಟಿಗೂ ದಾರ ಕಟ್ಟಿತ್ತು. ಕೆಂಪು ದಾರ, ಹಸಿರು ದಾರ, ನೀಲಿ ದಾರ. ಪಕಳೆ ಇದ್ದ ಹೂವಿಗೆ ದಾರ ಇರಕೂಡದು ಎಂದು ನಾನೇ ಮೇಲೆ ಹೇಳಿದೆನಲ್ಲ, ನೀವು ಆಗಲೇ ತಿಳಿದುಕೊಂಡಿರಿ. ಹನ್ನೊಂದು ವರ್ಷದ ಸೂಪರ್‌ವೈಸರ್ ನಾನು ಆ ಹೂವನ್ನು ಕೈಯಿಂದ ಸರಿಸಿ, ಸೀಟು ಒರೆಸಿ, ಬೈಕು ಹತ್ತಿದೆ. ಆ ದಿನದ ನಾಲ್ಕು ಕೆಲಸದಲ್ಲಿ ಮೂರನೆಯದು ಬಾಕಿ ಇತ್ತು.

ಅದಕ್ಕಿಂತ ದೊಡ್ಡ ಹೇಸಿಗೆ ಇನ್ನೊಂದಿದೆ. ಆ ವಾರವೇ ಹೆಣ್ಣು ಸಾಲಿನ ನಡುವೆ ನಿಂತು ಗೌಹರಳ ಕೈಯಲ್ಲಿ ಫೋಟೋ ತೆಗೆಸಿಕೊಂಡು ಆಫೀಸಿನ ಗ್ರೂಪಿಗೆ ಹಾಕಿದೆ. ದಾರದ ಲೆಕ್ಕ ಹೋದ ವರ್ಷದ ಒಂದೂವರೆ ಪಟ್ಟು ಎಂದು ಕೆಳಗೆ ಬರೆದೆ. ಮೂವತ್ತು ಮಂದಿ ಹೆಬ್ಬೆರಳು ಎತ್ತಿದ ಗುರುತು ಒತ್ತಿದರು. ಆ ಫೋಟೋ ಇನ್ನೂ ನನ್ನ ಮೊಬೈಲಿನಲ್ಲಿದೆ. ನನ್ನ ಹಿಂದೆ ಹಳದಿ ಹೂವು, ಹಳದಿ ಹೂವು, ನೋಡಿದಷ್ಟು ದೂರ ಹಳದಿ ಹೂವು.

ಕೊಯ್ಲಾಯಿತು, ಬೀಜ ಹೋಯಿತು. ಕಂಪನಿಯವರು ಪ್ರತಿ ಪ್ಲಾಟಿನ ಬೀಜದಲ್ಲಿ ಒಂದಿಷ್ಟು ತಮ್ಮ ಹೊಲದಲ್ಲಿ ಬಿತ್ತಿ, ಗಿಡ ಎದ್ದ ಮೇಲೆ ಜಾತಿ ಶುದ್ಧ ಇದೆಯೋ ಇಲ್ಲವೋ ನೋಡುತ್ತಾರೆ. ನೂರರಲ್ಲಿ ಒಂದೆರಡು ಕೆಟ್ಟರೆ ನಡೆಯುತ್ತದೆ. ಫೆಬ್ರವರಿಯಲ್ಲಿ ಫಲಿತಾಂಶ ಬಂತು. ನಮ್ಮ ಪ್ಲಾಟಿನಲ್ಲಿ ನೂರಕ್ಕೆ ಮೂವತ್ತೊಂದು ಕೆಟ್ಟಿದ್ದವು. ಪೂರ್ತಿ ಮಾಲು ರಿಜೆಕ್ಟ್.

ನಾನು ಗೌಹರಳನ್ನು ಹುಡುಕಿಕೊಂಡು ಹೋಗಿ ಅವಳ ಮನೆಯ ಕಟ್ಟೆಯ ಮೇಲೆಯೇ ಕೂಗಾಡಿದೆ. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಅಂಜದೆ ಹೇಳಿದಳು.

"ಕೈತಪ್ಪಿದ ಹೂವ ಮೊದಲ ಹೊಳೆವಕ್ಕ ಹರೀತಿದ್ಲು. ಆಕಿ ಹೋದ ಮ್ಯಾಲೆ ಹಂಗ ಉಳದ್ವು. ಹಲಗಿ ಮ್ಯಾಲೆ ಹೆಸರು ಕೆಳಗ ಬಂದಾಕಿ ಒಬ್ಬಾಕಿ ಅದಕ್ಕೂ ದಾರ ಕಟ್ಟಿದ್ಲು, ಆಮ್ಯಾಲೆ ಎಲ್ಲಾರೂ ಕಟ್ಟಿದ್ವಿ. ನೀವು ದಾರ ಎಣಿಸಿದ್ರಿ ಸರ, ನಾವು ದಾರ ಕಟ್ಟಿದ್ವಿ. ಹೊಳೆವಕ್ಕ ನಸುಕಿನ್ಯಾಗ ಬಂದು ದಾರ ಕಟ್ಟಿದ ಹೂವನೂ ಕೈಗೆ ಸಿಕ್ಕಷ್ಟು ಹರದು ಒಗೀತಿದ್ಲು. ಆಕಿನೂ ಬರದಂಗ ಮಾಡಿದ್ರಿ. ಹೇಳಾಕ ಬಂದ್ರ ಜೋಡಿ ಹೋಗು ಅಂದಿದ್ರಿ."

ಅಲ್ಲಿಂದ ಬೈಕು ಹೇಗೆ ಓಡಿಸಿಕೊಂಡು ಬಂದೆನೋ ನೆನಪಿಲ್ಲ.

ಮರುದಿನ ಸಾಹೇಬರು ಕರೆದರು. ಅವರಿಗೂ ಪುಣೆಗೆ ಹೋಗುವ ಮುನ್ನ ಕೊಳೆ ಬೇಕಿರಲಿಲ್ಲ. ಬಾಗಿಲು ಹಾಕಿಕೊಂಡು ಹೇಳಿದರು. "ನೋಡು ಕನಕಪ್ಪ, ಸೂಪರ್‌ವೈಸರ್ ತಪ್ಪು ಅಂತ ಬರದ್ರ ನೀ ನಾಳೆನ ಮನಿಗೆ. ಹೊರಗಿನವರು ಯಾರೋ ಬಂದು ಕೆಡಿಸ್ಯಾರ ಅಂತ ಬರದ್ರ ನಿನ್ನ ಮ್ಯಾಲೆ ಏನೂ ಇಲ್ಲ, ಕುರ್ಚಿನೂ ನಿನಗ, ಹೊಳಬಸಪ್ಪಗೂ ಕಂಪನಿ ಏನಾರ ಕೊಡತೈತಿ. ಆದ್ರ ಗಾಳಿಗೆ ಹೇಳಿದ್ರ ನಡಿಯೂದಿಲ್ಲ. ಒಂದ ಹೆಸರು ಬೇಕು, ತಪ್ಪು ಒಪಗೊಂಡು ಹೆಬ್ಬೆಟ್ಟು ಒತ್ತಿದ್ದು ಬೇಕು. ಆ ಹೆಸರು ಎಲ್ಲಾ ಬೀಜದ ಕಂಪನಿಗೂ ಹೋಗತೈತಿ. ಮುಂದ ಯಾರೂ ಅವರನ್ನ ಪ್ಲಾಟಿನ್ಯಾಗ ಕಾಲಿಡಾಕ ಬಿಡೂದಿಲ್ಲ. ನೀನ ವಿಚಾರ ಮಾಡು."

ವಿಚಾರ ಮಾಡಲು ನನ್ನ ಹತ್ತಿರ ನೋಟ್‌ಬುಕ್ ಇತ್ತಲ್ಲ. ಆಫೀಸಿನ ಮೆಟ್ಟಿಲ ಮೇಲೆ ಕೂತು ಬರೆದೆ. ಗೌಹರ ಮತ್ತು ಆ ಚುರುಕು ಕೈಯ ಹೆಂಗಸರು: ಹೆಸರು ಕೊಟ್ಟರೆ ಮುಂದಿನ ವರ್ಷ ನಾಲ್ಕು ತಾಲೂಕಿಗೆ ಕೆಲಸದವರು ಸಿಗುವುದಿಲ್ಲ, ಮೇಲಾಗಿ ಅವರು ಸುಮ್ಮನೆ ಹೆಬ್ಬೆಟ್ಟು ಒತ್ತುವುದಿಲ್ಲ. ಹೊಳಬಸಪ್ಪ: ಹೊಲದ ಮಾಲೀಕ, ಅವನ ತಮ್ಮ ಪಂಚಾಯ್ತಿ ಮೆಂಬರು, ಬಾಯಿ ಜೋರು. ಹೊಳೆವ್ವ. ಅವಳ ಮುಂದೆ ಬರೆಯಲು ಏನೂ ಇರಲಿಲ್ಲ. ಮನೆಯಲ್ಲಿ ಗಂಡಸಿಲ್ಲ, ಕೂಗಾಡುವ ಮಂದಿ ಇಲ್ಲ, ಬೇಲಿ ದಾಟಿ ಬಂದದ್ದಕ್ಕೆ ರಿಜಿಸ್ಟರಿನಲ್ಲಿ ಎಂಟು ತಾರೀಖು ಇವೆ. ಮತ್ತು ಅವಳು ನಾನು ಕೇಳಿದ್ದನ್ನು ಇಲ್ಲವೆಂದವಳಲ್ಲ. ಎಲ್ಲಕ್ಕಿಂತ ಕಡಿಮೆ ಶ್ರಮ, ಎಲ್ಲಕ್ಕಿಂತ ಹೆಚ್ಚು ಫಲ. ಟ್ರೇನಿಂಗಿನ ಆ ಬೂಟಿನ ಮನುಷ್ಯ ನೋಡಿದ್ದರೆ ಬೆನ್ನು ತಟ್ಟುತ್ತಿದ್ದ. ಆ ದಿನದ ಮೊದಲನೆಯ ಕೆಲಸವೆಂದು ಅವಳ ಹೆಸರು ಬರೆದೆ. ಆರು ತಿಂಗಳಲ್ಲಿ ಅವಳು ಗೆರೆಯ ಮೇಲೆ ಬಂದದ್ದು ಅದೇ ಮೊದಲು.

ಅವಳ ಮನೆ ನಾವು ಹುಟ್ಟಿದ ಊರಲ್ಲಿ, ಅಬಲೂರ ಹಾದಿಯಲ್ಲೇ ಇದೆ. ಹೋದಾಗ ಈಳಿಗೆಯ ಮುಂದೆ ಕೂತು ಬದನೆಕಾಯಿ ಹೆಚ್ಚುತ್ತಿದ್ದಳು. ಬಲಗೈ ಹೆಬ್ಬೆರಳನ್ನು ಪಕ್ಕಕ್ಕೆ ಎತ್ತಿ ಹಿಡಿದು ಹೆಚ್ಚುತ್ತಿದ್ದಳು. ಉಗುರು ಉದ್ದಕ್ಕೆ, ತುಸು ಬಾಗಿ, ಹಳದಿಗಟ್ಟಿ ಗಟ್ಟಿಯಾಗಿತ್ತು. ಹೆಜ್ಜೆ ಸಪ್ಪಳಕ್ಕೆ ಮುಖ ಎತ್ತಿದಳು.

"ಯಾರು?"

"ನಾನು."

"ಕನಕಾ! ಬಾ ಬಾ, ಕುಂದರ. ಚಾ ಇಡತೇನಿ. ಆಪರೇಶನ್ನಿಗೆ ತಾರೀಖ ಸಿಕ್ತೇನು?"

ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. ಓಡಲಿಲ್ಲ. "ಅದೂ ಮಾಡೂನು. ಮೊದಲ ಇದಕ್ಕೊಂದು ಹೆಬ್ಬೆಟ್ಟು ಒತ್ತು" ಎಂದು ಕಾಗದ ತೆಗೆದೆ.

"ಏನ ಬರದೈತಿ?"

"ನೀ ನಮ್ಮ ಪ್ಲಾಟಿನ್ಯಾಗ ಕೆಲಸ ಮಾಡೀದಿ ಅಂತ. ಆಫೀಸಿನ ಕಾಗದ."

"ನೀ ಎರಡ ವರ್ಷದ ಕೂಸು ಇದ್ದಾಗಿಂದ ನಿನ್ನ ದನಿ ಕೇಳೇನಿ ನಾ. ಖರೇ ಓದು" ಎಂದಳು.

ಓದಿದೆ. ಹೊಳೆವ್ವ ಎಂಬ ಹೆಂಗಸು ಕೆಲಸದಿಂದ ತೆಗೆದ ಸಿಟ್ಟಿಗೆ ಎಂಟು ದಿನ ನಸುಕಿನಲ್ಲಿ ಅಪ್ಪಣೆಯಿಲ್ಲದೆ ಪ್ಲಾಟಿನೊಳಗೆ ನುಗ್ಗಿ, ಕೆಟ್ಟ ಹೂವುಗಳಿಗೆ ದಾರ ಕಟ್ಟಿ ಬೀಜ ಹಾಳುಮಾಡಿದ್ದಾಗಿ ಒಪ್ಪಿಕೊಂಡಿದ್ದಾಳೆ ಎಂದಿತ್ತು. ಒಂದಕ್ಷರ ಬಿಡದೆ ಓದಿದೆ.

ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಇದಕ್ಕ ನಾಲ್ಕ ತಾಲೂಕು ಸಿಗತಾವೇನು?" ಎಂದು ಕೇಳಿದಳು.

"ಹೂಂ."

"ಒತ್ತಲಿಲ್ಲ ಅಂದ್ರ?"

"ನೌಕರಿ ಹೋಗತೈತಿ. ಶೈಲಾ, ಮಗು, ಎಲ್ಲಾ ಬೀದಿಗೆ ಬೀಳತೇವಿ ಅಕ್ಕ." ಅರ್ಧ ಸುಳ್ಳು ಅದು. ಬೇರೆ ಕಂಪನಿಯಲ್ಲಿ ಇನ್ನೊಂದು ಸೂಪರ್‌ವೈಸರ್ ಕೆಲಸ ನನಗೆ ಸಿಗುತ್ತಿತ್ತು. ಅವಳಿಗೆ ಬೇರೆ ಯಾವುದೂ ಸಿಗುತ್ತಿರಲಿಲ್ಲ.

"ಮತ್ತ ನನ್ನ ಯಾರೂ ಕರಿಯೂದಿಲ್ಲ ಅಲ್ಲ? ಕಣ್ಣ ಬಂದ್ರೂ ಕರಿಯೂದಿಲ್ಲ?"

"ಒಂದೆರಡ ವರ್ಷ ಅಷ್ಟ. ಆಮ್ಯಾಲೆ ಮರೀತಾರ" ಎಂದೆ. ಇದು ಪೂರ್ತಿ ಸುಳ್ಳು.

ಕೈ ಚಾಚಿದಳು. ಬೆರಳಿಗೆ ಶಾಯಿ ಹಚ್ಚಿ ಕಾಗದದ ಮೇಲೆ ಒತ್ತಿಸಿದೆ. ಉದ್ದ ಉಗುರು ಅಡ್ಡ ಬಂದು ಕಾಗದ ಗೀರಿತು, ಅಲ್ಲೇ ಹರಿಯಿತು, ಗುರುತು ಕಲಸಿಹೋಯಿತು. ನನ್ನ ಹತ್ತಿರ ಉಳಿದದ್ದು ಇನ್ನೊಂದೇ ಪ್ರತಿ. "ಆ ಉಗುರೊಂದು ಸುಡುಗಾಡು, ಸರಿಯಾಗಿ ಹಿಡಿಯಾಕ ಬರೂದಿಲ್ಲೇನು!" ಎಂದು ರೇಗಿದೆ. ಹೌದು, ಆ ಹೊತ್ತಿನಲ್ಲೂ ರೇಗಿದೆ.

ಅಕ್ಕ ಕೈ ಹಿಂದೆ ತೆಗೆದುಕೊಂಡಳು. ಶಾಯಿ ಹತ್ತಿದ ಹೆಬ್ಬೆರಳನ್ನು ಈಳಿಗೆಯ ಅಲಗಿಗೆ ಹಿಡಿದು, ಇನ್ನೊಂದು ಕೈಯಿಂದ ತಡವಿ ನೋಡಿ, ಉಗುರನ್ನು ಬುಡದವರೆಗೆ ಕತ್ತರಿಸಿದಳು. ಕಣ್ಣು ಸರಿ ಕಾಣದೆ ಸ್ವಲ್ಪ ಚರ್ಮವೂ ಹೋಯಿತು. ತುಂಡು ಬದನೆಕಾಯಿಯ ತೊಟ್ಟುಗಳ ನಡುವೆ ಬಿತ್ತು. ಸೆರಗಿನಿಂದ ರಕ್ತ ಒರೆಸಿಕೊಂಡು ಬೆರಳನ್ನು ನನ್ನ ಮುಂದೆ ಹಿಡಿದಳು.

"ಈಗ ಒತ್ತಿಸಗೋ" ಎಂದಳು.

ಈ ಸಲ ಗುರುತು ಸ್ವಚ್ಛವಾಗಿ ಮೂಡಿತು. ಕಾಗದ ಮಡಚಿ ಕಿಸೆಯಲ್ಲಿಟ್ಟುಕೊಂಡೆ. ಅಕ್ಕ ಚಹಾದ ಮಾತು ಎತ್ತಲಿಲ್ಲ. "ಹೋಗಪಾ, ನಿನಗ ಟೈಮ್ ಆಗತೈತಿ" ಎಂದು ಮತ್ತೆ ಬದನೆಕಾಯಿ ತೆಗೆದುಕೊಂಡಳು. ಈಗ ಆ ಬೆರಳನ್ನು ಎತ್ತಿ ಹಿಡಿಯಲಿಲ್ಲ.

ನಾಲ್ಕು ತಾಲೂಕು ಸಿಕ್ಕವು. ಕಾರು ಕೊಟ್ಟರು, ಹುಲಗೇಶ ಎಂಬ ಡ್ರೈವರನನ್ನು ಕೊಟ್ಟರು. ಕಾರಿಗೆ ಕಪ್ಪು ಗಾಜು. ಹೊಸ ಕೆಲಸದಲ್ಲಿ ಓಡಾಟ ಹೆಚ್ಚು, ಕಣ್ಣಿನ ಆಪರೇಶನ್ ಪ್ರತಿ ತಿಂಗಳೂ ಮುಂದಿನ ತಿಂಗಳ ಹಾಳೆಗೆ ಹೋಯಿತು. ಶೈಲಾ ಎರಡು ಸಲ ಹೇಳಿದಳು, ಆಮೇಲೆ ಅವಳೂ ಬಿಟ್ಟಳು. ಅಕ್ಕ ಫೋನು ಮಾಡಲಿಲ್ಲ. ನನಗೆ ಒಳಗೊಳಗೆ ಸಮಾಧಾನವೇ ಆಯಿತು, ಸುಳ್ಳು ಯಾಕೆ ಹೇಳಲಿ.

ಆಗಸ್ಟಿನಲ್ಲಿ ಕ್ರಾಸಿಂಗ್ ಹಂಗಾಮು ಮತ್ತೆ ಬಂತು. ಶಿಗ್ಗಾಂವಿ ಕಡೆಯ ತಡಸದ ಪ್ಲಾಟಿಗೆ ಹೊರಟಿದ್ದೆ. ರಟ್ಟೀಹಳ್ಳಿಯ ಸರ್ಕಲ್ಲಿನಲ್ಲಿ ಮುಂಜಾನೆ ಪ್ಲಾಟಿಗೆ ಹೋಗುವ ಹೆಂಗಸರು ಬುತ್ತಿ ಹಿಡಿದು ನಿಂತಿರುತ್ತಾರೆ, ಬೇರೆ ಬೇರೆ ಕಂಪನಿಯ ಗಾಡಿಗಳು ಬಂದು ಹತ್ತಿಸಿಕೊಂಡು ಹೋಗುತ್ತವೆ. ಎದುರಿಗೆ ಕುರಿಹಿಂಡು ಬಂದು ಹುಲಗೇಶ ಕಾರು ನಿಲ್ಲಿಸಿದ. ಹೆಂಗಸರ ಗುಂಪಿನಿಂದ ದೂರ, ಒಬ್ಬಳೇ ನಿಂತಿದ್ದವಳು ಕಾರಿನ ಸಪ್ಪಳ ಕೇಳಿ ಕೈಯಿಂದ ದಾರಿ ತಡವುತ್ತ ಬಂದಳು. ನನ್ನ ಪಕ್ಕದ ಗಾಜಿನ ಮೇಲೆ ಟಕ್ ಟಕ್ ಎಂದು ಬಡಿದಳು.

ಹೊಳೆವ್ವ. ನಾನು ಮೂರು ಬೆರಳಿನಷ್ಟು ದೂರದಲ್ಲಿದ್ದೆ. ಅವಳ ಎರಡೂ ಕಣ್ಣು ಹಾಲಿನ ಕೆನೆ ಕಟ್ಟಿದಂತೆ ಬೆಳ್ಳಗಾಗಿದ್ದವು. ಅವಳಿಗೆ ಕಾರು ಕಾಣುತ್ತಿತ್ತೋ ಇಲ್ಲವೋ, ಒಳಗಿನ ನಾನಂತೂ ಕಾಣಲಿಲ್ಲ.

"ಸಾಹೇಬ್ರ, ಕ್ರಾಸಿಂಗಿಗೆ ಮಂದಿ ಬೇಕೇನ್ರಿ?" ಎಂದಳು. ಮೈಮೇಲೆ ತೊಳೆದು ಮಡಿ ಮಾಡಿದ ಸೀರೆ. ಮುಖದಲ್ಲಿ, ಕೆಲಸ ಕೇಳುವವರು ತಂದುಕೊಳ್ಳುವ ಆ ನಗು. ಹೆಬ್ಬೆರಳನ್ನು ಗಾಜಿಗೆ ಹಚ್ಚಿ ತೋರಿಸಿದಳು. ಉಗುರು ಮತ್ತೆ ಬೆಳೆದಿತ್ತು. ಹೋದ ವರ್ಷದಷ್ಟು ಉದ್ದ ಇರಲಿಲ್ಲ, ಈಳಿಗೆ ತಾಗಿದ ಕಡೆ ಸೀಳಿತ್ತು. "ನೋಡ್ರಿ, ಉಗುರ ಚಲೋ ಐತ್ರಿ. ಹೂವ ಹರಿಯಾಕರ ಇಟಗೋರಿ."

ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯ. ಗಾಜು ಇಳಿಸಿ ಒಂದು ಮಾತಾಡಿದರೆ ಸಾಕು, ಅವಳು ದನಿ ಗುರುತು ಹಿಡಿಯುತ್ತಾಳೆ. ಅಷ್ಟು ಮಂದಿಯ ಮುಂದೆ ಕನಕಾ ಎನ್ನುತ್ತಾಳೆ.

"ಯಾರೋ ವಯಸ್ಸಾದಾಕಿ ಸರ. ಗ್ಲಾಸ್ ಇಳಸಲೇನ್ರಿ?" ಎಂದ ಹುಲಗೇಶ.

ಬೇಡವೆಂದು ಕೈ ಆಡಿಸಿದೆ.

"ಪರಿಚಯದೋರೇನ್ರಿ?"

ತೊಡೆಯ ಮೇಲೆ ನೋಟ್‌ಬುಕ್ ತೆರೆದೇ ಇತ್ತು. ನಾಲ್ಕು ಕೆಲಸ, ಕೆಳಗೆ ಗೆರೆ. ಅಲ್ಲವೆಂದು ತಲೆ ಅಲ್ಲಾಡಿಸಿ, ಮುಂದೆ ಹೋಗೆಂದು ಬೆರಳು ಮಾಡಿದೆ. ಕುರಿಗಳು ದಾಟಿದ್ದವು. ಗಾಜಿನಿಂದ ಅವಳ ಕೈ ಜಾರಿತು, ಉಗುರು ಗೀರಿದ ಸಪ್ಪಳ ಒಂದು ಕೇಳಿಸಿತು.

ತಡಸದ ಪ್ಲಾಟಿಗೆ ಹತ್ತು ನಿಮಿಷ ಮೊದಲೇ ಮುಟ್ಟಿದೆವು.